ವಸಡನ್ನು ಕರಗಿಸುವ ಕಿಣ್ವಗಳು: ಬ್ಯಾಕ್ಟೀರಿಯಾದವೋ, ನಮ್ಮವೋ?

ಬಸವನಗುಡಿಯ ಓದುಗ

ವಸಡಿನ ಕಾಯಿಲೆಯ ವಿಷಯ ಬಲ್ಲವರು ಈ ವೇದಿಕೆಯಲ್ಲಿ ಇದ್ದಾರೆಂಬ ನಂಬಿಕೆಯಿಂದ ಕೇಳುತ್ತಿದ್ದೇನೆ. ನಮ್ಮ ಅಣ್ಣನಿಗೆ ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಹಲ್ಲುಜ್ಜುವಾಗ ರಕ್ತ ಬರುವುದು ಅವರಿಗೆ ಹಳೆಯದು. ಈಗ ಕೆಳಗಿನ ಮುಂಭಾಗದ ಹಲ್ಲುಗಳು ಬೆರಳಿನಿಂದ ಮುಟ್ಟಿದರೆ ಅಲ್ಲಾಡುತ್ತವೆ. ಪರೀಕ್ಷಿಸಿದ ದಂತವೈದ್ಯರು ಎಕ್ಸ್‌ರೇ ತೋರಿಸಿ, ಹಲ್ಲನ್ನು ಹಿಡಿದಿರುವ ನಾರು ಮತ್ತು ಮೂಳೆಯನ್ನು ಕರಗಿಸುತ್ತಿರುವುದು ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚಾಗಿ ಅವರದೇ ದೇಹದ ಕಿಣ್ವಗಳು ಎಂದು ಹೇಳಿದರಂತೆ. ಸ್ಕೇಲಿಂಗ್ ಮತ್ತು ಬೇರಿನ ಆಳದ ಶುಚಿಗೊಳಿಸುವಿಕೆ ಮಾಡಿಸಿದ ಮೇಲೆ, ಡಾಕ್ಸಿಸೈಕ್ಲಿನ್ ಎಂಬ ಔಷಧಿಯನ್ನು 20 ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೆ ಎರಡು ಸಲ, ಮೂರು ತಿಂಗಳು ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟಿದ್ದಾರೆ.

ನನ್ನ ಸಂಶಯ ಎರಡು. ನಮ್ಮ ದೇಹವೇ ನಮ್ಮ ವಸಡನ್ನು ಏಕೆ ಕರಗಿಸಬೇಕು? ಹಾಗೆ ಕರಗಿಸುತ್ತಿದ್ದರೆ, ಆಂಟಿಬಯಾಟಿಕ್ ಒಂದನ್ನು ಅಷ್ಟು ಕಡಿಮೆ ಪ್ರಮಾಣದಲ್ಲಿ ಅಷ್ಟು ದೀರ್ಘಕಾಲ ನುಂಗುವುದರಿಂದ ಆಗುವ ಪ್ರಯೋಜನವೇನು?

ವಸಡು ತಜ್ಞೆ, ಮಲ್ಲೇಶ್ವರ

ನಿಮ್ಮ ಅಣ್ಣನವರಿಗೆ ಹೇಳಿದ ಮಾತು ಸರಿಯಾಗಿಯೇ ಇದೆ, ಆದರೆ ಅದರ ಮೊದಲರ್ಧ ಬಿಟ್ಟುಹೋಗಿದೆ. ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ಅಗಲದ ಜಾಗವಿದ್ದು, ಅದರ ತುಂಬ ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರುಗಳು ಒಂದು ತುದಿಯಲ್ಲಿ ಬೇರಿಗೂ ಇನ್ನೊಂದು ತುದಿಯಲ್ಲಿ ಮೂಳೆಗೂ ನೆಟ್ಟುಕೊಂಡಿರುತ್ತವೆ. ವಸಡಿನ ಒಳಭಾಗವೂ ಬಹುಪಾಲು ಕೊಲ್ಯಾಜೆನ್ನೇ. ಅಗಿಯುವ ಒತ್ತಡವನ್ನು ಪ್ರತಿದಿನ ತಾಳಿಕೊಳ್ಳುವ ಈ ನಾರುಗಳು ಸವೆಯುತ್ತಲೇ ಇರುವುದರಿಂದ, ಹಳೆಯದನ್ನು ಕಡಿದು ಹೊಸದನ್ನು ಹೆಣೆಯುವ ಕೆಲಸ ಜೀವನದುದ್ದಕ್ಕೂ ಅಲ್ಲಿ ನಿಲ್ಲದೆ ನಡೆಯುತ್ತದೆ. ಕಡಿಯುವ ಕಿಣ್ವಗಳು ಅಲ್ಲಿರುವುದು ಈ ಕಾರಣಕ್ಕೆ. ಅವು ರೋಗದ ಸೃಷ್ಟಿಯಲ್ಲ. ರೋಗದಲ್ಲಿ ಅವುಗಳ ಲೆಕ್ಕ ತಪ್ಪುತ್ತದೆ, ಅಷ್ಟೆ.

ಕೊಲ್ಯಾಜೆನ್ ಮೂರು ಎಳೆಗಳನ್ನು ಬಿಗಿಯಾಗಿ ಹೊಸೆದ ಹಗ್ಗದಂತಿರುತ್ತದೆ, ಸಾಮಾನ್ಯವಾಗಿ ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳಿಗೆ ಅದು ಜಗ್ಗುವುದಿಲ್ಲ. ಅದನ್ನು ಕಡಿಯಬಲ್ಲವು ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್ ಎಂಬ ದೊಡ್ಡ ಕಿಣ್ವ ಕುಟುಂಬದ ಕೆಲವೇ ಸದಸ್ಯರು. ಈ ಹೆಸರನ್ನು ಚಿಕ್ಕದಾಗಿಸಿ ಎಂಎಂಪಿ ಎನ್ನುತ್ತೇವೆ. ಮನುಷ್ಯರಲ್ಲಿ ಈ ಕುಟುಂಬದ ಕಿಣ್ವಗಳು ಒಟ್ಟು 23 ಇವೆ. ಎಂಎಂಪಿ-1, ಎಂಎಂಪಿ-8 ಮತ್ತು ಎಂಎಂಪಿ-13 ಎಂಬ ಮೂರು ಕೊಲ್ಯಾಜಿನೇಸ್‌ಗಳು ಮೂರೂ ಎಳೆಗಳನ್ನು ಒಂದು ನಿರ್ದಿಷ್ಟ ಜಾಗದಲ್ಲಿ, ಉದ್ದದ ಮುಕ್ಕಾಲು ಭಾಗದಲ್ಲಿ, ಕಡಿಯುತ್ತವೆ. ಒಮ್ಮೆ ಕಡಿದ ಮೇಲೆ ಆ ತುಂಡುಗಳು ದೇಹದ ಶಾಖಕ್ಕೇ ಬಿಚ್ಚಿಕೊಂಡು ಜೆಲಟಿನ್ ಆಗುತ್ತವೆ; ಅದನ್ನು ಎಂಎಂಪಿ-2 ಮತ್ತು ಎಂಎಂಪಿ-9 ಮತ್ತಷ್ಟು ಪುಡಿಮಾಡುತ್ತವೆ.

ಇನ್ನು ನಿಮ್ಮ ಅಣ್ಣನವರ ಬಾಯಿಗೆ ಬರೋಣ. ಹಲ್ಲಿಗೂ ವಸಡಿನ ಅಂಚಿಗೂ ನಡುವೆ ಪಾಚಿ ಕಟ್ಟಿದಾಗ, ಅಲ್ಲಿನ ಬ್ಯಾಕ್ಟೀರಿಯಾಗಳ ವಿಷಾಂಶಗಳನ್ನು ಗುರುತಿಸಿದ ದೇಹವು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕಳುಹಿಸುತ್ತದೆ. ಆರೋಗ್ಯವಂತರ ಬಾಯಿಗೂ ನಿಮಿಷಕ್ಕೆ ಸುಮಾರು 30,000 ನ್ಯೂಟ್ರೋಫಿಲ್‌ಗಳು ವಸಡಿನ ಸಂದಿನಿಂದ ಬರುತ್ತಿರುತ್ತವೆ ಎಂದು ಅಂದಾಜಿದೆ; ಉರಿಯೂತ ಇದ್ದರೆ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ. ಈ ಕಣಗಳ ಒಳಗಿನ ಸಣ್ಣ ಕೋಶಗಳಲ್ಲಿ ಎಂಎಂಪಿ-8 ಸಿದ್ಧವಾಗಿ ತುಂಬಿರುತ್ತದೆ, ಹೊಸದಾಗಿ ತಯಾರಾಗಬೇಕಾದ ಅಗತ್ಯವಿಲ್ಲ. ಪಾಚಿ ಇರುವಷ್ಟು ಕಾಲ ಅವು ಬರುತ್ತವೆ, ಬಂದಷ್ಟೂ ಸುರಿಯುತ್ತವೆ. ಅದರ ಜೊತೆಗೆ, ಇಂಟರ್ಲೂಕಿನ್-1 ಮೊದಲಾದ ಉರಿಯೂತದ ರಾಸಾಯನಿಕ ಸಂದೇಶಗಳು ತಲುಪಿದ ವಸಡಿನ ನಾರುಕೋಶಗಳು, ಅಂದರೆ ಕೊಲ್ಯಾಜೆನ್ ಹೆಣೆಯಬೇಕಾದ ಕೋಶಗಳೇ, ಹೆಣೆಯುವುದನ್ನು ಕಡಿಮೆ ಮಾಡಿ ಕಡಿಯುವ ಕಿಣ್ವ ತಯಾರಿಸತೊಡಗುತ್ತವೆ.

ಇದು ಎಷ್ಟು ಬೇಗ ಆಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಪೇಜ್ ಮತ್ತು ಶ್ರೋಡರ್ 1976ರಲ್ಲಿ ವಿವರಿಸಿದ ಪ್ರಕಾರ, ಪಾಚಿ ಕಟ್ಟತೊಡಗಿದ ಒಂದೆರಡು ವಾರಗಳಲ್ಲೇ ಉರಿಯೂತ ತಗುಲಿದ ಆ ಸಣ್ಣ ಪ್ರದೇಶದ ಕೊಲ್ಯಾಜೆನ್‌ನಲ್ಲಿ 60ರಿಂದ 70 ಪ್ರತಿಶತ ಕಳೆದುಹೋಗಿರುತ್ತದೆ. ಆ ಹಂತದಲ್ಲಿ ಸ್ವಚ್ಛಗೊಳಿಸಿದರೆ ಎಲ್ಲವೂ ಮರಳಿ ಬರುತ್ತದೆ, ಏಕೆಂದರೆ ಬೇರಿಗೆ ನೆಟ್ಟ ನಾರುಗಳೂ ಮೂಳೆಯೂ ಇನ್ನೂ ಉಳಿದಿರುತ್ತವೆ. ಅವು ಹೋದ ಮೇಲೆ ಪೂರ್ತಿಯಾಗಿ ಮರಳುವುದಿಲ್ಲ.

ಔಷಧಿಯ ಪ್ರಶ್ನೆಗೆ ಬೇರೆಯಾಗಿ ಬರೆಯುತ್ತೇನೆ. ಹೊರಗೆ ರೋಗಿಗಳು ಕಾಯುತ್ತಿದ್ದಾರೆ.

ಜೀವರಸಾಯನಶಾಸ್ತ್ರದ ಉಪನ್ಯಾಸಕ, ಯಲಹಂಕ

ಡಾಕ್ಟರ್ ಮೇಡಂ ಬರೆದದ್ದಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ. ಈ ಕಿಣ್ವ ಮೊದಲು ಸಿಕ್ಕಿದ್ದು ಯಾವ ರೋಗಿಯಲ್ಲೂ ಅಲ್ಲ, ಗೊದಮೊಟ್ಟೆಯ ಬಾಲದಲ್ಲಿ. ಗೊದಮೊಟ್ಟೆ ಕಪ್ಪೆಯಾಗುವಾಗ ಅಷ್ಟು ಗಟ್ಟಿಯಾದ ಬಾಲ ಎಲ್ಲಿ ಹೋಗುತ್ತದೆ ಎಂದು ಹುಡುಕಿದ ಜೆರೋಮ್ ಗ್ರಾಸ್ ಮತ್ತು ಶಾರ್ಲ್ ಲಾಪಿಯೆರ್, ಬಾಲದ ಅಂಗಾಂಶವನ್ನು ಕೊಲ್ಯಾಜೆನ್ ಜೆಲ್ಲಿನ ಮೇಲೆ ಬೆಳೆಸಿ, ಅದು ತನ್ನ ಸುತ್ತಲಿನ ಜೆಲ್ಲನ್ನು ಕರಗಿಸುವುದನ್ನು 1962ರಲ್ಲಿ ತೋರಿಸಿಕೊಟ್ಟರು. ಅಂದರೆ ಅಂಗಾಂಶವನ್ನು ಕರಗಿಸುವುದು ದೇಹದ ಸಹಜ ಕೆಲಸಗಳಲ್ಲೊಂದು. ಗಾಯ ಮಾಯುವಾಗಲೂ, ಹೆರಿಗೆಯ ನಂತರ ಗರ್ಭಕೋಶ ಕುಗ್ಗುವಾಗಲೂ ಇದೇ ಕುಟುಂಬದ ಕಿಣ್ವಗಳು ಕೆಲಸ ಮಾಡುತ್ತವೆ.

ಇಷ್ಟು ಅಪಾಯಕಾರಿಯಾದ ಕಿಣ್ವವನ್ನು ದೇಹ ಬಿಚ್ಚುಗತ್ತಿಯಾಗಿ ಬಿಡುವುದಿಲ್ಲ. ಪ್ರತಿ ಎಂಎಂಪಿಯ ನಡುವೆ ಒಂದು ಸತುವಿನ ಅಯಾನು ಇದ್ದು, ಕಡಿಯುವ ಕೆಲಸ ನಡೆಯುವುದು ಅದರ ನೆರವಿನಿಂದ. ಕಿಣ್ವವು ತಯಾರಾಗುವಾಗ ಅದರದೇ ಸರಪಳಿಯಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಆ ಸತುವಿಗೆ ಕಟ್ಟಿಕೊಂಡು ಅದನ್ನು ನಿಷ್ಕ್ರಿಯವಾಗಿ ಇರಿಸಿರುತ್ತದೆ. ಆ ಕಟ್ಟು ಬಿಟ್ಟಾಗ ಮಾತ್ರ ಕಿಣ್ವ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡ ಮೇಲೂ ಟಿಂಪ್ ಎಂಬ ನಾಲ್ಕು ತಡೆ ಪ್ರೋಟೀನುಗಳಿವೆ, ಒಂದು ಟಿಂಪ್ ಒಂದು ಎಂಎಂಪಿಯನ್ನು ಹಿಡಿದು ಕೂರುತ್ತದೆ. ರಕ್ತದಿಂದ ಬರುವ ಆಲ್ಫಾ-2-ಮ್ಯಾಕ್ರೋಗ್ಲೋಬ್ಯುಲಿನ್ ಕೂಡ ಅವುಗಳನ್ನು ಹಿಡಿಯುತ್ತದೆ.

ವಸಡಿನ ಕಾಯಿಲೆಯಲ್ಲಿ ಈ ಎರಡೂ ಕಾವಲುಗಳು ಒಟ್ಟಿಗೆ ಸಡಿಲಗೊಳ್ಳುತ್ತವೆ ಎಂಬುದೇ ನನಗೆ ಕುತೂಹಲದ ಸಂಗತಿ. ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಹೈಪೋಕ್ಲೋರಸ್ ಆಮ್ಲವನ್ನು ತಯಾರಿಸುತ್ತವೆ. ಅದೇ ಆಮ್ಲ ಸಿಸ್ಟೀನಿನ ಕಟ್ಟನ್ನು ಬಿಡಿಸಿ ಎಂಎಂಪಿ-8ನ್ನು ಎಚ್ಚರಿಸುತ್ತದೆ, ಟಿಂಪ್‌ಗಳನ್ನೂ ಕೆಡಿಸುತ್ತದೆ. ಆದ್ದರಿಂದ ವಸಡಿನ ಸಂದಿನಿಂದ ಜಿನುಗುವ ದ್ರವದಲ್ಲಿ ಕಿಣ್ವದ ಒಟ್ಟು ಪ್ರಮಾಣಕ್ಕಿಂತ ಎಚ್ಚರಗೊಂಡ ಕಿಣ್ವದ ಪ್ರಮಾಣ ಮುಖ್ಯ. ನಮ್ಮ ದಂತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ವಸಡಿನ ದ್ರವದಲ್ಲಿ ಎಂಎಂಪಿ ಅಳೆದು ಪ್ರಬಂಧ ಬರೆಯುವುದು ಈಗ ಸಾಮಾನ್ಯವಾಗಿದೆ. ಆದರೆ ಒಟ್ಟು ಪ್ರಮಾಣವನ್ನಷ್ಟೇ ಅಳೆದು ತೀರ್ಮಾನಕ್ಕೆ ಬರುವ ಪ್ರಬಂಧಗಳನ್ನು ಓದುವಾಗ ನನಗೆ ಸ್ವಲ್ಪ ಬೇಸರವಾಗುತ್ತದೆ ಎಂದು ಹೇಳದೆ ಇರಲಾರೆ.

ಬಸವನಗುಡಿಯ ಓದುಗ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬ್ಯಾಕ್ಟೀರಿಯಾಗಳ ಪಾತ್ರ ಬಾಗಿಲು ತಟ್ಟುವುದಷ್ಟೇ ಎಂದು ತಿಳಿಯಬಹುದೇ? ಅವುಗಳಿಗೆ ತಮ್ಮದೇ ಕಿಣ್ವಗಳು ಇಲ್ಲವೇ?

ಜೀವರಸಾಯನಶಾಸ್ತ್ರದ ಉಪನ್ಯಾಸಕ, ಯಲಹಂಕ

ಖಂಡಿತ ಇವೆ, ಅವೂ ಕಡಿಮೆಯವಲ್ಲ. ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಜಿಂಜಿಪೇನ್ ಎಂಬ ಕಿಣ್ವಗಳನ್ನು ತನ್ನ ಮೈಮೇಲೆ ಇಟ್ಟುಕೊಂಡಿರುತ್ತದೆ, ಹೊರಕ್ಕೂ ಬಿಡುತ್ತದೆ. ಒಂದು ಬಗೆಯದು ಆರ್ಜಿನಿನ್ ಎಂಬ ಅಮೈನೋ ಆಮ್ಲ ಇರುವಲ್ಲಿ ಪ್ರೋಟೀನನ್ನು ಕಡಿದರೆ, ಇನ್ನೊಂದು ಲೈಸಿನ್ ಎಂಬುದು ಇರುವಲ್ಲಿ ಕಡಿಯುತ್ತದೆ. ಟ್ರೆಪೊನೀಮಾ ಡೆಂಟಿಕೋಲಾ ಎಂಬ ಸುರುಳಿ ಬ್ಯಾಕ್ಟೀರಿಯಾಕ್ಕೆ ಡೆಂಟಿಲಿಸಿನ್ ಇದೆ. ಈ ಎರಡರ ಜೊತೆ ಟಾನೆರೆಲ್ಲಾ ಫಾರ್ಸೈಥಿಯಾವನ್ನೂ ಸೇರಿಸಿ ಸೊಕ್ರಾನ್ಸ್ಕಿ ಮತ್ತು ಸಂಗಡಿಗರು 1998ರಲ್ಲಿ ಕೆಂಪು ಗುಂಪು ಎಂದು ಹೆಸರಿಟ್ಟರು. ಹಲ್ಲಿಗೂ ವಸಡಿಗೂ ನಡುವಿನ ಆಳವಾದ, ರಕ್ತ ಒಸರುವ ಸಂದುಗಳಲ್ಲಿ ಇವು ಒಟ್ಟಾಗಿ ಸಿಗುತ್ತವೆ.

ಆದರೆ ಜಿಂಜಿಪೇನ್‌ಗಳ ಮುಖ್ಯ ಉಪಯೋಗ ಕೊಲ್ಯಾಜೆನ್ ನಾರುಗಳನ್ನು ನೇರವಾಗಿ ಕಡಿಯುವುದಲ್ಲ. ರಕ್ಷಣಾ ಪ್ರೋಟೀನುಗಳನ್ನು ಕೆಡಿಸುವುದು, ಹೀಮೋಗ್ಲೋಬಿನ್ ಒಡೆದು ಕಬ್ಬಿಣಾಂಶ ಪಡೆಯುವುದು, ನಮ್ಮ ಎಂಎಂಪಿಗಳನ್ನು ಎಚ್ಚರಿಸುವುದು, ಇವು ಅವುಗಳ ಕೆಲಸ. ಕೊಲ್ಯಾಜೆನ್ ಚೂರುಗಳು ಈ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಹೌದು. ಅಂದರೆ ಉರಿಯೂತ ಇರುವವರೆಗೆ ಅವುಗಳಿಗೆ ಊಟಕ್ಕೆ ಕೊರತೆಯಿಲ್ಲ.

ಬ್ಯಾಕ್ಟೀರಿಯಾ ಒಂದೇ ಕಾರಣವಲ್ಲ ಎಂಬುದಕ್ಕೆ ಬಲವಾದ ಪುರಾವೆ ನಮ್ಮ ನೆರೆಯ ಶ್ರೀಲಂಕಾದಿಂದ ಬಂದಿದೆ. ಹಲ್ಲು ಸ್ವಚ್ಛಗೊಳಿಸುವ ಅಭ್ಯಾಸವೂ ದಂತಚಿಕಿತ್ಸೆಯೂ ಇಲ್ಲದ 480 ಚಹಾ ತೋಟದ ಕಾರ್ಮಿಕರನ್ನು ಹೆರಾಲ್ಡ್ ಲೋಯೆ ಮತ್ತು ಸಂಗಡಿಗರು 1970ರಿಂದ ಹದಿನೈದು ವರ್ಷಗಳ ಕಾಲ ಗಮನಿಸಿ, 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರ ಹಲ್ಲಿನ ಮೇಲೂ ಪಾಚಿ, ಎಲ್ಲರ ವಸಡಿನಲ್ಲೂ ಉರಿಯೂತ; ಆದರೂ 8 ಪ್ರತಿಶತ ಜನರಲ್ಲಿ ಕಾಯಿಲೆ ವೇಗವಾಗಿ ಹೆಚ್ಚಿತು, 81 ಪ್ರತಿಶತ ಜನರಲ್ಲಿ ಮಧ್ಯಮ ವೇಗದಲ್ಲಿ ಹೆಚ್ಚಿತು, 11 ಪ್ರತಿಶತ ಜನರಲ್ಲಿ ವಸಡಿನ ಊತವನ್ನು ದಾಟಿ ಮುಂದೆ ಹೋಗಲೇ ಇಲ್ಲ. ಒಂದೇ ತೋಟ, ಒಂದೇ ಬಗೆಯ ಜೀವನ. ವ್ಯತ್ಯಾಸದ ಬಹುಭಾಗ ಅವರವರ ದೇಹ ಕೊಡುವ ಉತ್ತರದಲ್ಲಿದೆ.

ಜಯನಗರದ ಹಿರಿಯ ನಾಗರಿಕ

ಎಲ್ಲವನ್ನೂ ಶ್ರದ್ಧೆಯಿಂದ ಓದಿದೆ. ನನ್ನದೊಂದು ಆಕ್ಷೇಪ. ತೊಂದರೆ ಕೊಡುತ್ತಿರುವುದು ದೇಹದ ಕಿಣ್ವವಾದರೆ ಆ ಕಿಣ್ವವನ್ನೇ ಪೂರ್ತಿಯಾಗಿ ತಡೆಯುವ ಮಾತ್ರೆ ಕೊಟ್ಟರಾಯಿತಲ್ಲ, ಹಲ್ಲನ್ನು ಕೆರೆಯುವ ಕೆಲಸ ಏಕೆ? ನನ್ನ ಪರಿಚಯದ ಹಲವರ ಹಲ್ಲು ಸ್ಕೇಲಿಂಗ್ ಮಾಡಿಸಿದ ನಂತರವೇ ಅಲ್ಲಾಡತೊಡಗಿತು. ಹಲ್ಲುಗಳ ನಡುವೆ ಸಂದು ಬಿದ್ದು ನೀರು ಕುಡಿದರೂ ಜುಂ ಎನ್ನುತ್ತದೆ ಎಂದು ಅವರು ದೂರುತ್ತಾರೆ.

ವಸಡು ತಜ್ಞೆ, ಮಲ್ಲೇಶ್ವರ

ಸಾರ್, ನಿಮ್ಮ ಆಕ್ಷೇಪದ ಎರಡನೆಯ ಭಾಗವನ್ನು ಚಿಕಿತ್ಸಾಲಯದಲ್ಲಿ ದಿನವೂ ಕೇಳುತ್ತೇನೆ. ನಾರು ಮತ್ತು ಮೂಳೆ ಕರಗಿದ ಹಲ್ಲನ್ನು ಕಿಟ್ಟವು, ಅಂದರೆ ಕಲ್ಲಿನಂತೆ ಗಟ್ಟಿಯಾದ ಪಾಚಿಯು, ಪಕ್ಕದ ಹಲ್ಲಿಗೆ ಸೇರಿಸಿ ಹಿಡಿದಿರುತ್ತದೆ. ಕಿಟ್ಟ ತೆಗೆದಾಗ ಹಲ್ಲಿನ ನಿಜವಾದ ಸ್ಥಿತಿ ತಿಳಿಯುತ್ತದೆ. ಊತ ಇಳಿದ ವಸಡು ಕೆಳಗೆ ಸರಿದು ಬೇರು ತೆರೆದುಕೊಳ್ಳುವುದರಿಂದ ತಣ್ಣನೆಯದು ತಾಗಿದರೆ ಜುಂ ಎನ್ನುತ್ತದೆ. ಆ ಸಂದು ನಮ್ಮ ಉಪಕರಣ ಮಾಡಿದ್ದಲ್ಲ, ಅಲ್ಲಿದ್ದ ಅಂಗಾಂಶ ವರ್ಷಗಳ ಹಿಂದೆಯೇ ಹೋಗಿತ್ತು. ಜುಂ ಎನ್ನುವುದು ಬಹುತೇಕ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಇದನ್ನು ಸ್ಕೇಲಿಂಗ್‌ಗೆ ಮೊದಲೇ ರೋಗಿಗೆ ಹೇಳದೆ, ಆಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ ಎಂಬುದನ್ನು ನನ್ನ ವೃತ್ತಿಯವರು ಒಪ್ಪಲೇಬೇಕು.

ಮೊದಲ ಭಾಗ ಹೆಚ್ಚು ಆಸಕ್ತಿಕರವಾದದ್ದು. ಎಂಎಂಪಿ-8 ತಯಾರಿಸುವ ಜೀನನ್ನೇ ತೆಗೆದ ಇಲಿಮರಿಗಳಿಗೆ ಪೋರ್ಫಿರೊಮೊನಾಸ್ ಸೋಂಕು ತಗುಲಿಸಿದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಕಿಣ್ವವಿಲ್ಲದ ಇಲಿಗಳಲ್ಲಿ ಮೂಳೆ ಕಡಿಮೆ ಕರಗಬೇಕಿತ್ತು, ಅಲ್ಲವೇ? ಆದರೆ ಹೆಚ್ಚು ಕರಗಿತು. ಆ ಕಿಣ್ವವು ಉರಿಯೂತದ ಕೆಲವು ಸಂದೇಶಗಳನ್ನು ತುಂಡರಿಸಿ ಶಮನಗೊಳಿಸುವ ಕೆಲಸವನ್ನೂ ಮಾಡುತ್ತದೆ ಎಂಬ ವಿವರಣೆಗೆ ಇದು ಹೊಂದುತ್ತದೆ.

ಮನುಷ್ಯರಲ್ಲಿಯೂ ಉದಾಹರಣೆ ಇದೆ. ಪಾಪಿಲಾನ್-ಲೆಫೆವ್ರ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಮಕ್ಕಳಲ್ಲಿ ಅಂಗೈ ಅಂಗಾಲು ದಪ್ಪಗಟ್ಟುವುದರ ಜೊತೆಗೆ, ಹಾಲು ಹಲ್ಲುಗಳೂ ಆಮೇಲೆ ಬಂದ ಶಾಶ್ವತ ಹಲ್ಲುಗಳೂ ವಸಡಿನ ತೀವ್ರ ಕಾಯಿಲೆಯಿಂದ ಎಳೆಯ ವಯಸ್ಸಿನಲ್ಲೇ ಉದುರುತ್ತವೆ. ಅದಕ್ಕೆ ಕಾರಣ ಕೆಥೆಪ್ಸಿನ್ ಸಿ ಎಂಬ ಜೀನಿನ ದೋಷ ಎಂದು 1999ರಲ್ಲಿ ಗೊತ್ತಾಯಿತು. ಆ ಜೀನಿನ ಕಿಣ್ವ ಇಲ್ಲದಿದ್ದರೆ ನ್ಯೂಟ್ರೋಫಿಲ್‌ನ ಇಲಾಸ್ಟೇಸ್ ಮೊದಲಾದ ಅಂಗಾಂಶ ಕರಗಿಸುವ ಕಿಣ್ವಗಳು ಎಚ್ಚರಗೊಳ್ಳುವುದೇ ಇಲ್ಲ. ಕರಗಿಸುವ ಕಿಣ್ವ ಇಲ್ಲದ ಮಕ್ಕಳ ವಸಡೇ ಎಲ್ಲರಿಗಿಂತ ಬೇಗ ಕರಗುತ್ತದೆ! ಆದ್ದರಿಂದ ನಮ್ಮ ಗುರಿ ಕಿಣ್ವವನ್ನು ಇಲ್ಲವಾಗಿಸುವುದಲ್ಲ. ಅದು ಬಿಡುವಿಲ್ಲದೆ ಸುರಿಯಬೇಕಾದ ಕಾರಣವನ್ನು, ಅಂದರೆ ಬೇರಿಗೆ ಅಂಟಿದ ಪಾಚಿ ಮತ್ತು ಕಿಟ್ಟವನ್ನು ತೆಗೆಯುವುದು. ಅದನ್ನು ಕೈಯಿಂದಲೋ ಅಲ್ಟ್ರಾಸಾನಿಕ್ ಉಪಕರಣದಿಂದಲೋ ಕೆರೆದೇ ತೆಗೆಯಬೇಕು, ಮಾತ್ರೆಯಿಂದ ಹೋಗುವಂಥದ್ದಲ್ಲ ಅದು.

ಜೀವರಸಾಯನಶಾಸ್ತ್ರದ ಉಪನ್ಯಾಸಕ, ಯಲಹಂಕ

ಪೂರ್ತಿ ತಡೆಯುವ ಮಾತ್ರೆಯ ಪ್ರಯತ್ನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ನಡೆದಿದೆ ಎಂಬುದನ್ನೂ ಹಿರಿಯರ ಗಮನಕ್ಕೆ ತರುತ್ತೇನೆ. 1990ರ ದಶಕದಲ್ಲಿ ಮಾರಿಮಾಸ್ಟಾಟ್ ಎಂಬ ಔಷಧಿ ಬಹುತೇಕ ಎಲ್ಲ ಎಂಎಂಪಿಗಳನ್ನೂ ತಡೆಯುವಂತೆ ರೂಪುಗೊಂಡಿತ್ತು. ರೋಗಿಗಳಿಗೆ ಕೀಲು ನೋವು, ಬಿಗಿತ, ಸ್ನಾಯುಗಳ ನೋವು ಬಂದವು. ನಿರೀಕ್ಷಿಸಿದ ಲಾಭವೂ ಸಿಗಲಿಲ್ಲ. ಆ ದಾರಿಯನ್ನು ಕೈಬಿಡಬೇಕಾಯಿತು.

ಔಷಧ ಅಂಗಡಿಯವರು, ರಾಜಾಜಿನಗರ

ಇಲ್ಲಿ ನನ್ನ ಕಡೆಯಿಂದ ಒಂದು ಎಚ್ಚರಿಕೆ ಅಗತ್ಯ ಅನ್ನಿಸಿತು. ಡಾಕ್ಸಿಸೈಕ್ಲಿನ್ ಎಂದಾಗ ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 100 ಮಿಲಿಗ್ರಾಮಿನದು. ಇದು ಎಚ್ ಷೆಡ್ಯೂಲಿಗೆ ಸೇರಿದ ಔಷಧಿ, ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ಬರೆದುಕೊಟ್ಟ 20ರ ಬದಲು 100ರದ್ದನ್ನು ತಂದು, ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಐದು ಪಾಲು ಮಾಡಿ ನುಂಗುತ್ತೇವೆ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 20 ಸಿಗದಿದ್ದರೆ ಬರೆದ ವೈದ್ಯರನ್ನೇ ಕೇಳಿ. ತುಂಬು ಲೋಟ ನೀರಿನೊಂದಿಗೆ ನುಂಗಿ, ಸ್ವಲ್ಪ ಹೊತ್ತು ನೆಟ್ಟಗೆ ಕುಳಿತಿರಬೇಕು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಕ್ಯಾಲ್ಸಿಯಂ ಮಾತ್ರೆ, ಆಸಿಡಿಟಿ ಮಾತ್ರೆ, ಕಬ್ಬಿಣದ ಮಾತ್ರೆಗಳ ಜೊತೆಗೇ ತೆಗೆದುಕೊಂಡರೆ ದೇಹಕ್ಕೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಗರ್ಭಿಣಿಯರಿಗೂ, ಹಲ್ಲು ಬೆಳೆಯುತ್ತಿರುವ ಚಿಕ್ಕ ಮಕ್ಕಳಿಗೂ ಇದು ಸಲ್ಲದು.

ವಸಡು ತಜ್ಞೆ, ಮಲ್ಲೇಶ್ವರ

ಔಷಧ ಅಂಗಡಿಯವರಿಗೆ ಧನ್ಯವಾದ, ನಾನು ಬರೆಯಬೇಕೆಂದಿದ್ದ ಅರ್ಧ ಅವರೇ ಬರೆದರು. ಉಳಿದದ್ದು ಇಷ್ಟು.

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಲಾರ್ನ್ ಗೋಲಬ್ ಮತ್ತು ಸಂಗಡಿಗರು, ಮಧುಮೇಹ ಬರಿಸಿದ ಇಲಿಗಳ ವಸಡಿನಲ್ಲಿ ಕೊಲ್ಯಾಜಿನೇಸ್ ಹೆಚ್ಚುವುದನ್ನೂ, ಮಿನೋಸೈಕ್ಲಿನ್ ಕೊಟ್ಟರೆ ಅದು ಇಳಿಯುವುದನ್ನೂ 1983ರಲ್ಲಿ ವರದಿ ಮಾಡಿದರು. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲೂ ಇಳಿದಾಗ, ಇದು ಆಂಟಿಬಯಾಟಿಕ್ ಗುಣದಿಂದ ಆದದ್ದಲ್ಲ ಎಂಬುದು ಖಚಿತವಾಯಿತು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಕಿಣ್ವಕ್ಕೆ ಬೇಕಾದ ಸತು ಮತ್ತು ಕ್ಯಾಲ್ಸಿಯಂ ಅಯಾನುಗಳಿಗೆ ಅಂಟಿಕೊಳ್ಳುತ್ತವೆ. ಆ ಗುಂಪಿನ ಡಾಕ್ಸಿಸೈಕ್ಲಿನ್ 20 ಮಿಲಿಗ್ರಾಂ ಪ್ರಮಾಣದಲ್ಲಿ, ರಕ್ತದಲ್ಲಿ ಬ್ಯಾಕ್ಟೀರಿಯಾ ತಡೆಯುವ ಮಟ್ಟವನ್ನು ತಲುಪುವುದಿಲ್ಲ, ಆದರೆ ಕಿಣ್ವವನ್ನು ಸ್ವಲ್ಪ ಹತ್ತಿಕ್ಕುತ್ತದೆ. ಹೆಚ್ಚಾದದ್ದನ್ನು ಇಳಿಸುವುದು, ಬೇಕಾದದ್ದನ್ನು ಉಳಿಸುವುದು ಇದರ ಉದ್ದೇಶ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮತಿ ದೊರೆಯಿತು.

ಲಾಭವೆಷ್ಟು ಎಂದು ಕೇಳಿದರೆ, ಬಹಳವೇನೂ ಇಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿಯ ಪ್ರಕಾರ, ಆಳದ ಶುಚಿಗೊಳಿಸುವಿಕೆಯೊಂದರಿಂದಲೇ ಹಲ್ಲಿನ ಹಿಡಿತ ಸರಾಸರಿ ಅರ್ಧ ಮಿಲಿಮೀಟರ್ ಸುಧಾರಿಸುತ್ತದೆ, ಈ ಔಷಧಿ ಸೇರಿಸಿದರೆ ಇನ್ನೂ 0.35 ಮಿಲಿಮೀಟರ್ ಸಿಗುತ್ತದೆ. ಆದ್ದರಿಂದ ಬಳಸಬಹುದು ಎಂದು ಅದು ಹೇಳಿತು. ಯುರೋಪಿನ ವಸಡು ತಜ್ಞರ ಒಕ್ಕೂಟವು 2020ರ ಮಾರ್ಗಸೂಚಿಯಲ್ಲಿ ಇದನ್ನು ಬಳಸದಿರುವುದೇ ಒಳ್ಳೆಯದೆಂದು ಸೂಚಿಸಿತು. ಸುಮಾರಾಗಿ ಒಂದೇ ಬಗೆಯ ಪುರಾವೆಯಿಂದ ಎರಡು ಕಡೆಯವರು ಎರಡು ತೀರ್ಮಾನಕ್ಕೆ ಬಂದಿದ್ದಾರೆ. ನಾನು ಎಲ್ಲರಿಗೂ ಬರೆಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದು, ಸ್ವಚ್ಛತೆ ಚೆನ್ನಾಗಿ ಕಾಪಾಡಿಕೊಂಡೂ ವಸಡು ಸುಧಾರಿಸದವರಲ್ಲಿ ಮಾತ್ರ ಯೋಚಿಸುತ್ತೇನೆ. ನಿಮ್ಮ ವೈದ್ಯರ ಲೆಕ್ಕಾಚಾರ ಬೇರೆಯಿರಬಹುದು, ಅದು ತಪ್ಪೆಂದು ನಾನು ಹೇಳಲಾರೆ.

ನಿಮ್ಮ ಅಣ್ಣನವರ ವಿಷಯದಲ್ಲಿ ಡಾಕ್ಸಿಸೈಕ್ಲಿನ್‌ಗಿಂತ ದೊಡ್ಡ ಪ್ರಶ್ನೆ ಸಕ್ಕರೆಯದು. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿಯೇ ಉಳಿದಾಗ ಕೊಲ್ಯಾಜೆನ್‌ಗೆ ಸಕ್ಕರೆ ಅಂಟಿ ಬಿಗಿಯಾಗುತ್ತದೆ, ಹಾಗೆ ತಯಾರಾದ ಅಂಶಗಳು ಬಿಳಿ ಕಣಗಳನ್ನು ಕೆರಳಿಸುತ್ತವೆ, ಕೊಲ್ಯಾಜಿನೇಸ್ ಮತ್ತಷ್ಟು ಹೆಚ್ಚುತ್ತದೆ, ಹೊಸ ನಾರು ಹೆಣೆಯುವುದು ನಿಧಾನವಾಗುತ್ತದೆ. 2018ರಲ್ಲಿ ಪ್ರಕಟವಾದ ವಸಡಿನ ಕಾಯಿಲೆಗಳ ವರ್ಗೀಕರಣದಲ್ಲಿ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕಾಯಿಲೆ ವೇಗವಾಗಿ ಹೆಚ್ಚಬಹುದಾದ ವರ್ಗಕ್ಕೆ ರೋಗಿಯನ್ನು ಸೇರಿಸುತ್ತೇವೆ. ಇದು ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ವಸಡಿಗೆ ಚಿಕಿತ್ಸೆ ಮಾಡಿದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4 ಅಂಶದಷ್ಟು ಇಳಿಯುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ಪರಾಮರ್ಶೆ ತೋರಿಸಿದೆ. ಸಕ್ಕರೆ ವೈದ್ಯರಿಗೂ ದಂತವೈದ್ಯರಿಗೂ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿ. ಧೂಮಪಾನವಿದ್ದರೆ ಅದನ್ನೂ ಹೇಳಿ, ಏಕೆಂದರೆ ಧೂಮಪಾನಿಗಳ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಒಳಗೆ ನಾರು ಕರಗುತ್ತಿದ್ದರೂ ಹೊರಗೆ ಕಾಣುವುದಿಲ್ಲ.

ವಿಜಯನಗರದ ಗೃಹಿಣಿ

ಮೇಡಂ, ನಮ್ಮ ಅತ್ತೆಯವರು ತ್ರಿಫಲಾ ಚೂರ್ಣವನ್ನು ನೀರಿನಲ್ಲಿ ಕುದಿಸಿ, ಆ ನೀರಿನಿಂದ ಬಾಯಿ ಮುಕ್ಕಳಿಸುತ್ತಾರೆ. ವಸಡಿನಲ್ಲಿ ರಕ್ತ ಬಂದರೆ ನೆಲ್ಲಿಕಾಯಿ ತಿನ್ನಿ ಎನ್ನುತ್ತಾರೆ. ಈ ಕಿಣ್ವಗಳ ಮೇಲೆ ಇವಕ್ಕೆ ಏನಾದರೂ ಪರಿಣಾಮ ಇದೆಯೇ, ಅಥವಾ ಇದೆಲ್ಲ ಬರೀ ನಂಬಿಕೆಯೇ?

ವಸಡು ತಜ್ಞೆ, ಮಲ್ಲೇಶ್ವರ

ಬರೀ ನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ವಸಡಿನ ಕಾಯಿಲೆ ಇದ್ದವರ ಅಂಗಾಂಶದಿಂದ ತೆಗೆದ ಎಂಎಂಪಿ-9ರ ಮೇಲೆ ತ್ರಿಫಲಾ ಸಾರವನ್ನು ಪ್ರಯೋಗಿಸಿದ ಚೆನ್ನೈನ ಅಧ್ಯಯನವೊಂದು 2005ರಲ್ಲಿ ಪ್ರಕಟವಾಗಿದೆ. ಅದರಲ್ಲಿ ತ್ರಿಫಲಾ ಆ ಕಿಣ್ವವನ್ನು ಚೆನ್ನಾಗಿಯೇ ತಡೆದಿತ್ತು. ಆದರೆ ಅದು ಪ್ರಯೋಗಾಲಯದ ಮಾತು. ಮುಕ್ಕಳಿಸಿದ ನೀರು ಆರು ಮಿಲಿಮೀಟರ್ ಆಳದ ಸಂದಿನ ತಳಕ್ಕೆ ಇಳಿಯುವುದಿಲ್ಲ, ವಸಡಿನ ದ್ರವ ಅದನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ಗೂ ಇದೇ ಮಿತಿ. ಅದೂ ಪ್ರಯೋಗಾಲಯದಲ್ಲಿ ಎಂಎಂಪಿಗಳನ್ನು ತಡೆಯುತ್ತದೆ. ಅತ್ತೆಯವರು ಮುಕ್ಕಳಿಸುವುದನ್ನು ಮುಂದುವರಿಸಲಿ, ಆದರೆ ಬ್ರಷ್ ಮತ್ತು ಹಲ್ಲುಗಳ ನಡುವೆ ಆಡಿಸುವ ಸಣ್ಣ ಬ್ರಷ್‌ಗೆ ಅದು ಬದಲಿಯಾಗದಿರಲಿ.

ನೆಲ್ಲಿಕಾಯಿಯಲ್ಲಿರುವ ವಿಟಮಿನ್ ಸಿ ಹೊಸ ಕೊಲ್ಯಾಜೆನ್ ಹೆಣೆಯಲು ಬೇಕು, ಅದರ ತೀವ್ರ ಕೊರತೆಯಿಂದ ಬರುವ ಸ್ಕರ್ವಿಯಲ್ಲಿ ವಸಡು ಊದಿ ರಕ್ತ ಸುರಿಯುತ್ತದೆ. ಆದರೆ ಬೆಂಗಳೂರಿನಲ್ಲಿ ಹಣ್ಣು ತರಕಾರಿ ತಿನ್ನುವವರ ವಸಡಿನಲ್ಲಿ ಬರುವ ರಕ್ತ ಬಹುತೇಕ ಸ್ಕರ್ವಿಯದಲ್ಲ, ಪಾಚಿಯದು. ಅಂಗಡಿಯಿಂದ ಸಿ ಮಾತ್ರೆ ತಂದು ಚೀಪುತ್ತಾ ವರ್ಷ ಕಳೆದು, ಆಮೇಲೆ ನಮ್ಮಲ್ಲಿಗೆ ಬರುವವರನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಜಯನಗರದ ಹಿರಿಯ ನಾಗರಿಕ

ಸ್ಕೇಲಿಂಗ್ ಬಗ್ಗೆ ಕೊಟ್ಟ ಉತ್ತರವನ್ನು ಒಪ್ಪಿದ್ದೇನೆ. ಇನ್ನೊಂದು ವಿಷಯ. ನಾನು ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತೇನೆ. ನನ್ನ ವಸಡು ಕರಗುವುದಿರಲಿ, ಹಲ್ಲುಗಳ ಮೇಲೆ ದಪ್ಪನಾಗಿ ಬೆಳೆದುಕೊಂಡು ಬರುತ್ತಿದೆ. ಇದಕ್ಕೂ ಕಿಣ್ವಕ್ಕೂ ಸಂಬಂಧವಿದೆಯೇ?

ವಸಡು ತಜ್ಞೆ, ಮಲ್ಲೇಶ್ವರ

ಇದೆ ಸಾರ್, ಇದು ಅದೇ ಲೆಕ್ಕದ ಇನ್ನೊಂದು ಬದಿ. ಫಿಟ್ಸ್‌ಗೆ ಕೊಡುವ ಫಿನಿಟಾಯಿನ್, ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೊರಿನ್, ಬಿಪಿಗೆ ಕೊಡುವ ನಿಫೆಡಿಪಿನ್ ಮತ್ತು ಆಮ್ಲೋಡಿಪಿನ್, ಇವನ್ನು ತೆಗೆದುಕೊಳ್ಳುವ ಕೆಲವರಲ್ಲಿ ನಾರುಕೋಶಗಳು ಹಳೆಯ ಕೊಲ್ಯಾಜೆನ್ ಕಡಿಯುವುದೂ ನುಂಗುವುದೂ ಕಡಿಮೆಯಾಗಿ ನಾರು ಶೇಖರವಾಗುತ್ತದೆ. ಪಾಚಿ ಇದ್ದರೆ ಬೆಳವಣಿಗೆ ಇನ್ನೂ ಹೆಚ್ಚು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಮ್ಮ ಬಿಪಿ ವೈದ್ಯರನ್ನು ಕೇಳಿದರೆ ಬೇರೆ ಗುಂಪಿನ ಔಷಧಿಗೆ ಬದಲಾಯಿಸಬಹುದೇ ಎಂದು ನೋಡುತ್ತಾರೆ. ಬದಲಾಯಿಸಿ, ಸ್ವಚ್ಛಗೊಳಿಸಿದರೆ ಹಲವರಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ಹೆಚ್ಚಾದ ವಸಡನ್ನು ಕತ್ತರಿಸಿ ತೆಗೆಯುತ್ತೇವೆ.

ಬಸವನಗುಡಿಯ ಓದುಗ

ಕೊನೆಯದಾಗಿ ಒಂದು. ಕಿಣ್ವವನ್ನು ಅಳೆಯುವ ಪರೀಕ್ಷೆ ಇದೆ ಎಂದು ಎಲ್ಲೋ ಓದಿದೆ. ಅಣ್ಣನಿಗೆ ಅದನ್ನು ಮಾಡಿಸಬೇಕೇ? ಚಿಕಿತ್ಸೆ ಫಲಿಸಿದೆ ಎಂದು ತಿಳಿಯುವುದು ಹೇಗೆ?

ವಸಡು ತಜ್ಞೆ, ಮಲ್ಲೇಶ್ವರ

ಹೆಲ್ಸಿಂಕಿಯ ಟಿಮೊ ಸೋರ್ಸ ಅವರ ತಂಡದ ಸಂಶೋಧನೆಯಿಂದ ಬಂದ ಪರೀಕ್ಷೆ ಅದು. ಬಾಯಿ ಮುಕ್ಕಳಿಸಿದ ನೀರಿನಲ್ಲಿ ಎಚ್ಚರಗೊಂಡ ಎಂಎಂಪಿ-8 ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದರೆ ಪರೀಕ್ಷೆಯ ಪಟ್ಟಿಯ ಮೇಲೆ ಗೆರೆ ಮೂಡುತ್ತದೆ, ಉಪನ್ಯಾಸಕರು ಹೇಳಿದ ವ್ಯತ್ಯಾಸ ಅಲ್ಲಿ ನೆರವಿಗೆ ಬರುತ್ತದೆ. ಕಾಯಿಲೆ ಇದೆಯೋ ಇಲ್ಲವೋ ಎಂಬ ಸಂಶಯವಿರುವಲ್ಲಿ ಅದು ಉಪಯುಕ್ತ. ಹಲ್ಲು ಅಲ್ಲಾಡುತ್ತಿರುವ ನಿಮ್ಮ ಅಣ್ಣನವರಿಗೆ ಸಂಶಯಕ್ಕೆ ಎಡೆಯಿಲ್ಲ, ಆ ಹಣವನ್ನು ಹಲ್ಲುಗಳ ನಡುವಿನ ಬ್ರಷ್‌ಗಳಿಗೆ ಖರ್ಚು ಮಾಡಿ. ಎಲ್ಲೆಡೆ ದುಬಾರಿ ಎನ್ನಿಸಿದರೆ, ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜಿನಲ್ಲಿ ವಸಡಿನ ವಿಭಾಗವೇ ಇದೆ.

ಫಲಿತಾಂಶ ನೋಡುವ ವಿಧಾನ ಹಳೆಯದೇ. ಪ್ರತಿ ಹಲ್ಲಿನ ಸುತ್ತ ಆರು ಜಾಗಗಳಲ್ಲಿ ಗುರುತು ಹಾಕಿದ ಸಣ್ಣ ಕಡ್ಡಿಯಿಂದ ಆಳ ಅಳೆದು, ರಕ್ತ ಬಂತೋ ಇಲ್ಲವೋ ಎಂದು ಬರೆದಿಟ್ಟ ಪಟ್ಟಿಯ ಪ್ರತಿಯನ್ನು ಈಗಲೇ ಕೇಳಿ ಪಡೆದುಕೊಳ್ಳಿ. ನಾರುಗಳು ಮತ್ತೆ ಹೆಣೆದುಕೊಳ್ಳಲು ಕಾಲ ಬೇಕಾದ್ದರಿಂದ, ಶುಚಿಗೊಳಿಸಿದ ಎರಡು ಮೂರು ತಿಂಗಳ ನಂತರ ಅದೇ ಜಾಗಗಳನ್ನು ಮತ್ತೆ ಅಳೆಯುತ್ತಾರೆ. ನಾಲ್ಕು ಐದು ಮಿಲಿಮೀಟರ್ ಉಳಿದು ರಕ್ತ ಬರುವಲ್ಲಿ ಮತ್ತೊಮ್ಮೆ ಶುಚಿಗೊಳಿಸುತ್ತಾರೆ, ಆರು ಅಥವಾ ಹೆಚ್ಚು ಉಳಿದಲ್ಲಿ ವಸಡನ್ನು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡಬೇಕೇ ಎಂದು ನಿರ್ಧರಿಸುತ್ತಾರೆ. ಕೆಳಗಿನ ಮುಂಭಾಗದ ಹಲ್ಲುಗಳನ್ನು ಅಲ್ಲಿಯವರೆಗೆ ಕೀಳಿಸಬೇಡಿ. ಅಗಿಯಲು ತೊಂದರೆಯಾದರೆ ಅವನ್ನು ಪಕ್ಕದ ಹಲ್ಲುಗಳೊಂದಿಗೆ ಸೇರಿಸಿ ತಾತ್ಕಾಲಿಕವಾಗಿ ಕಟ್ಟಿಕೊಡಲು ನಿಮ್ಮ ವೈದ್ಯರನ್ನು ಕೇಳಬಹುದು.